ಏಕೀಕರಣವೋ, ತಾಳೆಯೋ?

ಗುರುತ್ವದ ಕಥೆಯನ್ನು ಕನ್ನಡದಲ್ಲಿ ಹೇಳುವ ಬಗೆಯ ಕುರಿತು

ಭೌತಶಾಸ್ತ್ರವನ್ನು ವಿಮರ್ಶಿಸಲು ಒಬ್ಬ ಗುಮಾಸ್ತನಿಗೆ ಏನು ಅಧಿಕಾರ ಎಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಾವು ಧಾರವಾಡದಲ್ಲಿ ಬಿ.ಎಸ್‌ಸಿ. ಮುಗಿಸಿ, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಕಚೇರಿಯೊಂದರ ಲೆಕ್ಕದ ವಿಭಾಗಕ್ಕೆ ಸೇರಿ, ಧನಕವಡಿಯಲ್ಲಿ ಮನೆ ಹಿಡಿದವರು. ಅಲ್ಲಿಂದೀಚೆಗೆ ಭೌತಶಾಸ್ತ್ರಕ್ಕೂ ನಮಗೂ ಉಳಿದದ್ದು ಓದುಗನ ಸಂಬಂಧ ಮಾತ್ರ. ಆದರೆ ಇಲ್ಲಿ ನಾವು ವಿಮರ್ಶಿಸಹೊರಟಿರುವುದು ವಿಜ್ಞಾನವನ್ನಲ್ಲ, ಅದನ್ನು ನಮಗೆ ಹೇಳುವ ಕನ್ನಡವನ್ನು. ಅಡುಗೆ ಮಾಡಲು ಬಾರದವನೂ ಉಪ್ಪು ಹೆಚ್ಚಾಯಿತೆಂದು ಹೇಳಬಹುದಷ್ಟೆ.

ಈ ಬರಹಕ್ಕೆ ಕಾರಣವಾದದ್ದು ಮನೆಯೊಳಗಿನ ಒಂದು ಸಣ್ಣ ಪ್ರಸಂಗ. ನಮ್ಮ ಮಗಳು ಮರಾಠಿ ಮಾಧ್ಯಮದಲ್ಲಿ ಓದುವವಳು. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ, ಎತ್ತಿ ಹಿಡಿದ ಕಲ್ಲಿನಲ್ಲಿ ಏನು ಸೇರಿರುತ್ತದೆ ಎಂದು ಕೇಳಿದಳು. ನಾವು ಊಟದ ತಟ್ಟೆಯ ಮುಂದೆ ಕುಳಿತೇ, ಕನ್ನಡ ಶಾಲೆಯಲ್ಲಿ ಕಲಿತಂತೆ, ‘ಪ್ರಚ್ಛನ್ನ ಶಕ್ತಿ’ ಎಂದು ಹೇಳಿಕೊಟ್ಟೆವು. ಅವಳು ಪರೀಕ್ಷೆಯಲ್ಲಿ ‘ಶಕ್ತೀ’ ಎಂದು ಬರೆದಳು. ಉತ್ತರ ತಪ್ಪಾಯಿತು. ತಪ್ಪು ಹಾಕಿದ್ದು ಸರಿಯಾಗಿಯೇ ಇತ್ತು. ಏಕೆಂದರೆ ಕನ್ನಡದ ಪಠ್ಯಗಳಲ್ಲಿ ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಮಾತುಗಳಿಗೆ ಮರಾಠಿಯಲ್ಲಿ ಕ್ರಮವಾಗಿ ಬಲ, ಊರ್ಜಾ, ಶಕ್ತೀ ಎನ್ನುತ್ತಾರೆ. ನಮ್ಮ ಶಕ್ತಿ ಅವರ ಊರ್ಜೆ. ಅವರ ಶಕ್ತಿ ನಮ್ಮ ಸಾಮರ್ಥ್ಯ.

“ಅಪ್ಪಾ, ನೀ ಹೇಳಿದ್ದ ಬರದೆ, ಬಾಯಿ ಕೆಂಪು ಗೆರಿ ಎಳದ್ರು. ನಿಮ್ಮ ಕನ್ನಡದಾಗ ಎಲ್ಲಾದಕ್ಕೂ ಶಕ್ತಿ ಅಂತನ ಅಂತಾರೇನು?” ಎಂದು ಅವಳು ಕೇಳಿದಳು. ‘ನಿಮ್ಮ ಕನ್ನಡ’ ಎಂಬ ಮಾತು ನಮಗೆ ಆ ಕೆಂಪು ಗೆರೆಗಿಂತ ಹೆಚ್ಚು ನೋವು ಕೊಟ್ಟಿತು. ಆಮೇಲೆ ಬಹಳ ದಿನ ಅವಳು ವಿಜ್ಞಾನದ ಪ್ರಶ್ನೆಯನ್ನು ನಮ್ಮ ಹತ್ತಿರ ತರಲಿಲ್ಲ. ಉಪ್ಪಿಟ್ಟು, ಹಬ್ಬ, ಅಜ್ಜಿಯ ಫೋನು ಇವು ಕನ್ನಡದಲ್ಲಿ; ತಿಳಿಯಬೇಕಾದದ್ದೆಲ್ಲ ಬೇರೆ ಭಾಷೆಯಲ್ಲಿ ಎಂಬ ವಿಭಜನೆ ಹೊರನಾಡಿನ ಮನೆಗಳಲ್ಲಿ ಹೀಗೆಯೇ, ಯಾರೂ ತೀರ್ಮಾನಿಸದೆ, ಆಗಿಹೋಗುತ್ತದೆ.

ಅವಳ ಪ್ರಶ್ನೆಗೆ ಉತ್ತರ ಹುಡುಕಲು ನಾವು ಹಲವು ವರ್ಷಗಳಿಂದ ಕತ್ತರಿಸಿ ಫೈಲಿನಲ್ಲಿಟ್ಟ ಕನ್ನಡದ ವಿಜ್ಞಾನ ಬರಹಗಳನ್ನು ಹರಡಿಕೊಂಡು ಕುಳಿತೆವು. ಗುರುತ್ವವನ್ನು ನಿಸರ್ಗದ ಉಳಿದ ಮೂರು ಮೂಲಭೂತ ಬಲಗಳ ಜೊತೆ ಕೂಡಿಸುವ ಪ್ರಯತ್ನದ ಮೇಲೆ ಅವುಗಳಲ್ಲಿ ಸಾಕಷ್ಟು ಲೇಖನಗಳಿದ್ದವು. ಬರೆದವರ ಶ್ರದ್ಧೆಯ ಬಗ್ಗೆ ನಮಗೆ ಸಂದೇಹವಿಲ್ಲ. ಆದರೆ ಒಟ್ಟಿಗೆ ಓದಿದಾಗ ನಾಲ್ಕು ದೋಷಗಳು ಮತ್ತೆ ಮತ್ತೆ ಕಂಡವು. ಯಾರ ಹೆಸರನ್ನೂ ಎತ್ತದೆ ಅವನ್ನು ಇಲ್ಲಿ ಅರಿಕೆ ಮಾಡುತ್ತೇವೆ.

ಮೊದಲನೆಯದು ಶಬ್ದದ ದೋಷ. ‘ಗುರುತ್ವಾಕರ್ಷಣ ಶಕ್ತಿ’ ಎಂಬ ಪ್ರಯೋಗ ನಮ್ಮ ಬರಹಗಳಲ್ಲಿ ಎಲ್ಲೆಡೆ ಇದೆ. ಮರಾಠಿಯ ಲೆಕ್ಕಕ್ಕೆ ಬೇಡ, ನಮ್ಮದೇ ಪಠ್ಯಪುಸ್ತಕಗಳ ಲೆಕ್ಕಕ್ಕೂ ಅದು ತಪ್ಪು. ಅಲ್ಲಿ ಹೇಳಬೇಕಾದದ್ದು ಬಲ. ದಾರದಿಂದ ಬಕೆಟ್ಟು ಎಳೆಯುವಾಗ ಕೈಯ ಎಳೆತ ಬಲ. ಆ ಕೆಲಸಕ್ಕೆ ಖರ್ಚಾದದ್ದು ಶಕ್ತಿ. ಎಷ್ಟು ಬೇಗ ಎಳೆದೆವೆಂಬುದು ಸಾಮರ್ಥ್ಯ. ಇಷ್ಟು ಸ್ಪಷ್ಟವಾದ ಮೂರು ಕೋಣೆಗಳನ್ನು ನಮ್ಮ ಹಿರಿಯರು ಕಟ್ಟಿಕೊಟ್ಟಿದ್ದಾಗ ನಾವೇ ಗೋಡೆ ಒಡೆದು ಒಂದೇ ಪಡಸಾಲೆ ಮಾಡಿದರೆ, ಮಗಳು ‘ಎಲ್ಲಾದಕ್ಕೂ ಶಕ್ತಿ ಏನು’ ಎಂದು ಕೇಳುವುದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯದು ಉಪಮೆಯ ದೋಷ. ನಾವು ಓದಿದ ಲೇಖನಗಳಲ್ಲಿ ಗುರುತ್ವವು ಒಮ್ಮೆ ಮದುವೆಗೆ ಒಪ್ಪದ ಕನ್ಯೆ, ಇನ್ನೊಮ್ಮೆ ಪಂಕ್ತಿಗೆ ಬಾರದ ಮುನಿಸಿನ ಅಣ್ಣ. ಓದಲು ಸೊಗಸು. ಆದರೆ ಮುನಿಸಿಗೆ ಕಾರಣ ಏನೆಂದು ಹುಡುಕಿದರೆ, ‘ಗುರುತ್ವ ಬಹಳ ದುರ್ಬಲ’ ಎಂಬ ಒಂದು ವಾಕ್ಯ ಸಿಗುತ್ತದೆ. ಅದು ನಿಜವೇ. ಎರಡು ಪ್ರೋಟಾನುಗಳ ನಡುವಿನ ವಿದ್ಯುತ್ ವಿಕರ್ಷಣೆ ಅವುಗಳ ಗುರುತ್ವಕ್ಕಿಂತ 1ರ ಮುಂದೆ 36 ಸೊನ್ನೆ ಇಟ್ಟಷ್ಟು ಪಟ್ಟು ಹೆಚ್ಚು. ಒಂದು ಸಣ್ಣ ಅಯಸ್ಕಾಂತವು ಇಡೀ ಭೂಮಿಯ ಎಳೆತವನ್ನು ಸೋಲಿಸಿ ಗುಂಡುಸೂಜಿಯನ್ನು ಎತ್ತುತ್ತದೆ. ಆದರೆ ದುರ್ಬಲವಾಗಿರುವುದು ಮಾತ್ರವೇ ತೊಡಕಲ್ಲ. ಬಡವನೆಂಬ ಕಾರಣಕ್ಕೆ ಯಾರ ಲೆಕ್ಕವೂ ತಪ್ಪಾಗುವುದಿಲ್ಲ.

ನಿಜವಾದ ತೊಡಕು ಬೇರೆ. ವಿದ್ಯುತ್ ಬಲ ಆವೇಶವಿದ್ದ ವಸ್ತುವನ್ನಷ್ಟೇ ಎಳೆಯುತ್ತದೆ. ಗುರುತ್ವಕ್ಕೆ ಇಂಥ ಆಯ್ಕೆಯಿಲ್ಲ. ಗಾಳಿಯ ತಡೆ ಇಲ್ಲದಿದ್ದರೆ ಕಲ್ಲೂ ಗರಿಯೂ ಒಂದೇ ವೇಗದಲ್ಲಿ ಬೀಳುತ್ತವೆ. ಎಲ್ಲಕ್ಕೂ ಒಂದೇ ರೀತಿ ಆಗುವುದಾದರೆ ಅದು ವಸ್ತುವಿನ ಗುಣವಲ್ಲ, ಎಡೆಯ ಗುಣ ಎಂಬುದು ಐನ್‌ಸ್ಟೈನರ ಒಳನೋಟ. ಕಾತ್ರಜದಿಂದ ಧನಕವಡಿಯ ಮುಂದೆ ಹಾದು ಸ್ವಾರಗೇಟಿನವರೆಗೆ ಇಳಿಜಾರಿದೆ ಎಂಬುದು ರಸ್ತೆಯ ಸಂಗತಿ. ರಿಕ್ಷಾ, ಬಸ್ಸು, ಸೈಕಲ್ಲುಗಳ ಸಂಗತಿಯಲ್ಲ. (ಇಳಿಜಾರಿನ ಉಪಮೆಯೂ ಗುರುತ್ವವನ್ನೇ ಒಳಗೆ ಇಟ್ಟುಕೊಂಡಿದೆ ಎಂಬುದನ್ನು ಒಪ್ಪಿಕೊಳ್ಳುತ್ತೇವೆ. ಎಲ್ಲರೂ ಬಳಸುವ ರಬ್ಬರ್ ಹಾಳೆಯ ಉಪಮೆಗೂ ಇದೇ ದೋಷ: ಹಾಳೆಯ ಮೇಲಿಟ್ಟ ಗುಂಡು ಕೆಳಗಿಳಿಯಲು ಹಾಳೆಯ ಅಡಿಯಲ್ಲಿ ಮತ್ತೊಂದು ಭೂಮಿ ಬೇಕು.) 1915ರಲ್ಲಿ ಪೂರ್ಣವಾದ ಆ ಸಿದ್ಧಾಂತದಲ್ಲಿ ಗುರುತ್ವವೆಂದರೆ ದೇಶಕಾಲದ ಬಾಗು. ಕಾಲವೂ ಬಾಗುತ್ತದೆ. ದಾರಿ ತೋರುವ ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ಬೆಳಕು 11 ಕಿಲೋಮೀಟರು ಸಾಗುತ್ತದೆಯಾದ್ದರಿಂದ, ತಿದ್ದದೆ ಬಿಟ್ಟರೆ ದಾರಿಯ ಲೆಕ್ಕ ಕೆಡುತ್ತದೆ.

ಉಳಿದ ಮೂರು ಬಲಗಳು, ಎಂದರೆ ವಿದ್ಯುತ್ಕಾಂತ ಬಲ, ಪರಮಾಣುವಿನ ಬೀಜವನ್ನು ಬಿಗಿದಿಡುವ ಪ್ರಬಲ ಬಲ, ಕೆಲವು ವಿಕಿರಣಗಳಿಗೆ ಕಾರಣವಾದ ದುರ್ಬಲ ಬಲ, ಕ್ವಾಂಟಮ್ ಸಿದ್ಧಾಂತಕ್ಕೆ ಒಳಪಟ್ಟಿವೆ. ಅಲ್ಲಿ ಕಣಗಳ ಆಗುಹೋಗು ಸಂಭಾವ್ಯತೆಯ ಮಾತು. ಆದರೆ ಕಾಲ ಮಾತ್ರ ಹೊರಗೆ ಗೋಡೆಯ ಮೇಲೆ ತೂಗುಹಾಕಿದ ಗಡಿಯಾರದಂತೆ ನಿಶ್ಚಿತ. ಒಂದು ಸಿದ್ಧಾಂತದಲ್ಲಿ ಗಡಿಯಾರವೇ ಆಟಗಾರ, ಇನ್ನೊಂದರಲ್ಲಿ ಅದು ಪ್ರೇಕ್ಷಕ. ತೊಡಕು ಇಲ್ಲಿದೆ.

ನಮಗೆ ಪರಿಚಿತವಾದ ಭಾಷೆಯಲ್ಲಿ ಹೇಳುವುದಾದರೆ, ಇವು ತಾಳೆಯಾಗದ ಎರಡು ಲೆಕ್ಕದ ಪುಸ್ತಕಗಳು. ತಿಂಗಳ ಕೊನೆಗೆ ಕಚೇರಿಯ ನಗದು ಪುಸ್ತಕವನ್ನೂ ಬ್ಯಾಂಕಿನ ಪಟ್ಟಿಯನ್ನೂ ಎದುರುಬದುರು ಇಟ್ಟು ತಾಳೆ ನೋಡುತ್ತೇವೆ. ಪ್ರತಿಯೊಂದೂ ತನ್ನೊಳಗೆ ಪೈಸೆಗೆ ಪೈಸೆ ಸರಿ, ಒಟ್ಟಿಗಿಟ್ಟರೆ ವ್ಯತ್ಯಾಸ. ಐನ್‌ಸ್ಟೈನರ ಸಮೀಕರಣದ ಎಡಕ್ಕೆ ದೇಶಕಾಲದ ಬಾಗು, ಬಲಕ್ಕೆ ಅಲ್ಲಿರುವ ದ್ರವ್ಯ. ಬಲಗಡೆಯ ದ್ರವ್ಯ ಕ್ವಾಂಟಮ್ ಎಂದು ನಮಗೆ ಗೊತ್ತು. ಒಂದು ಎಲೆಕ್ಟ್ರಾನು ಇಲ್ಲಿಯೂ ಅಲ್ಲಿಯೂ ಇರಬಹುದೆಂಬ ಸ್ಥಿತಿಯಲ್ಲಿದ್ದಾಗ ಅದರ ಗುರುತ್ವ ಯಾವ ಕಡೆಗೆ? ಜಮೆಯ ಪುಟ ‘ಇರಬಹುದು’ ಎನ್ನುತ್ತದೆ. ಖರ್ಚಿನ ಪುಟ ‘ಇಂತಿಷ್ಟೇ’ ಎನ್ನುತ್ತದೆ.

ಹಾಗಾದರೆ ಗುರುತ್ವಕ್ಕೂ ಕ್ವಾಂಟಮ್ ನಿಯಮವನ್ನೇ ಹಚ್ಚಬಾರದೇಕೆ? ಹಚ್ಚಿ ನೋಡಿದ್ದಾರೆ. ವಿದ್ಯುತ್ ಬಲದ ಲೆಕ್ಕದಲ್ಲಿಯೂ ಅನಂತ ಮೊತ್ತಗಳು ಬರುತ್ತವೆ; ಆದರೆ ಆವೇಶ, ದ್ರವ್ಯರಾಶಿ ಎಂಬ ಒಂದೆರಡು ತಲೆಬರಹಗಳ ಕೆಳಗೆ ಅವನ್ನೆಲ್ಲ ಸೇರಿಸಿ, ಅಳೆದ ಬೆಲೆಯನ್ನು ಅಲ್ಲಿ ನಮೂದಿಸಿದರೆ ಮಿಕ್ಕ ಲೆಕ್ಕ ಸರಿಹೋಗುತ್ತದೆ. ನಮ್ಮ ಕಚೇರಿಯ ಸಸ್ಪೆನ್ಸ್ ಖಾತೆ ಇದ್ದಂತೆ. ಗುರುತ್ವದಲ್ಲಿ ಹೆಜ್ಜೆ ಮುಂದಿಟ್ಟಂತೆಲ್ಲ ಹೊಸ ಅನಂತ, ಅದಕ್ಕೊಂದು ಹೊಸ ಸಸ್ಪೆನ್ಸ್ ಖಾತೆ. ಖಾತೆಗಳಿಗೆ ಕೊನೆಯಿಲ್ಲದಿದ್ದರೆ ಆ ಪುಸ್ತಕ ಯಾವ ಭವಿಷ್ಯವನ್ನೂ ನಿಖರವಾಗಿ ಹೇಳಲಾರದು. ದೂರದ ಅಂದಾಜಿಗೆ ಅದು ಸಾಕು. ಕೃಷ್ಣವಿವರದ ಒಡಲಿಗೆ, ವಿಶ್ವದ ಮೊದಲ ಕ್ಷಣಕ್ಕೆ ಸಾಲದು. ಬರಿದಾದ ಆಕಾಶಕ್ಕೂ ಇರುವ ಶಕ್ತಿಯನ್ನು ಕ್ವಾಂಟಮ್ ರೀತಿಯಲ್ಲಿ ಅಂದಾಜಿಸಿ ಖಗೋಳ ವೀಕ್ಷಣೆಯ ಅಂಕಿಯ ಪಕ್ಕ ಇಟ್ಟರೆ ವ್ಯತ್ಯಾಸ ಸುಮಾರು 120 ಸೊನ್ನೆಗಳಷ್ಟು ಬರುತ್ತದೆ. ನಮ್ಮ ಕಚೇರಿಯಲ್ಲಿ ಒಂದು ಸೊನ್ನೆ ಹೆಚ್ಚಾದರೆ ವಿವರಣೆ ಕೇಳುತ್ತಾರೆ.

ಮೂರನೆಯ ದೋಷ ಎಲ್ಲಕ್ಕಿಂತ ಮುಖ್ಯವಾದದ್ದೆಂದು ನಮ್ಮ ಅಭಿಪ್ರಾಯ. ‘ಏಕೀಕರಣ’ ಎಂಬ ಒಂದೇ ಶಬ್ದದಲ್ಲಿ ಎರಡು ಬೇರೆ ಪ್ರಶ್ನೆಗಳನ್ನು ಕಟ್ಟಿಹಾಕಿರುವುದು. ಕನ್ನಡಿಗನಿಗೆ ಏಕೀಕರಣವೆಂದರೆ 1956ರ ನವೆಂಬರ್ 1. ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಮೈಸೂರು, ಕೊಡಗು, ದಕ್ಷಿಣ ಕನ್ನಡ ಎಂದು ಹಂಚಿಹೋಗಿದ್ದ ಒಂದೇ ನುಡಿಯ ಜನ ಒಂದಾದದ್ದು. ಮೂಲದಲ್ಲಿ ಒಂದೇ ಆಗಿದ್ದುದು ಮರಳಿ ಕೂಡಿತೆಂಬ ಭಾವ ಆ ಮಾತಿನಲ್ಲಿದೆ. ಮೂರು ಬಲಗಳಿಗೆ ಈ ಭಾವ ಸ್ವಲ್ಪ ಮಟ್ಟಿಗೆ ಒಪ್ಪುತ್ತದೆ. ವಿದ್ಯುತ್ಕಾಂತ ಬಲವೂ ದುರ್ಬಲ ಬಲವೂ ಮೂಲದಲ್ಲಿ ಒಂದೇ ವ್ಯವಸ್ಥೆಯ ಎರಡು ಮುಖಗಳೆಂದು ಗ್ಲಾಷೋ, ಸಲಾಂ, ವೈನ್‌ಬರ್ಗ್ ತೋರಿಸಿದರು. 1979ರಲ್ಲಿ ಅವರಿಗೆ ನೊಬೆಲ್ ಬಂತು. ಆ ಸಿದ್ಧಾಂತಕ್ಕೆ ಬೇಕಾದ ಡಬ್ಲ್ಯು, ಝಡ್ ಕಣಗಳು 1983ರಲ್ಲಿ ಸರ್ನ್ ಪ್ರಯೋಗಾಲಯದಲ್ಲಿ ಸಿಕ್ಕವು. ಪ್ರಬಲ ಬಲವನ್ನೂ ಸೇರಿಸುವ ಮಹಾ ಏಕೀಕರಣದ ಸಿದ್ಧಾಂತಗಳು 1974ರಿಂದ ಬಂದವು. ಅವುಗಳ ಆರಂಭಕಾರರಲ್ಲಿ ಸಲಾಮರ ಜೊತೆಗೆ ಒಡಿಶಾದ ಜೋಗೇಶ್ ಪತಿಯವರೂ ಒಬ್ಬರು.

ಗುರುತ್ವದ ವಿಷಯದಲ್ಲಿ ಪ್ರಶ್ನೆ ಎರಡು. ಒಂದು, ನಾಲ್ಕೂ ಬಲಗಳು ಮೂಲದಲ್ಲಿ ಒಂದೇ ಮನೆಯವೇ? ಇದು ಏಕೀಕರಣ. ಎರಡು, ಗುರುತ್ವದ ನಿಯಮವೂ ಕ್ವಾಂಟಮ್ ನಿಯಮವೂ ಒಂದಕ್ಕೊಂದು ವಿರುದ್ಧವಾಗದಂತೆ ಇರುವುದು ಹೇಗೆ? ಇದು ತಾಳೆ. ಮೊದಲನೆಯದು ಆಸೆ, ಎರಡನೆಯದು ಅನಿವಾರ್ಯ. ನಿಸರ್ಗ ಒಂದೇ ಇರುವಾಗ ಅದರ ಎರಡು ಪುಸ್ತಕಗಳು ತಾಳೆಯಾಗಲೇಬೇಕು. ಆದರೆ ಎರಡೂ ಒಂದೇ ಪುಸ್ತಕವಾಗಬೇಕೆಂಬ ಕಡ್ಡಾಯವಿಲ್ಲ. ಪುಣೆಯಲ್ಲಿ ಬಾಳುವ ಕನ್ನಡಿಗನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಾವು ಮರಾಠಿಯವರಾಗಿಲ್ಲ, ನೆರೆಯವರು ಕನ್ನಡದವರಾಗಿಲ್ಲ. ಆದರೂ ಒಂದೇ ಚಾಳಿನ ವ್ಯವಹಾರ ತಾಳೆಯಾಗಿ ನಡೆಯುತ್ತದೆ.

ಈ ಭೇದವನ್ನು ಮಾಡದಿದ್ದುದರಿಂದ ನಮ್ಮ ಲೇಖನಗಳು ವಿಜ್ಞಾನಿಗಳೆಲ್ಲ ಒಂದೇ ಗುಡಿಗೆ ಹೊರಟ ಯಾತ್ರಿಕರೆಂಬಂತೆ ಬರೆಯುತ್ತವೆ. ನಿಜಸ್ಥಿತಿ ಹಾಗಿಲ್ಲ. ತಂತು ಸಿದ್ಧಾಂತದವರು ಎರಡೂ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಬಯಸುತ್ತಾರೆ. ಕಣಗಳೆಲ್ಲ ಅತಿಸೂಕ್ಷ್ಮ ತಂತುಗಳ ಕಂಪನವೆಂದೂ ಗುರುತ್ವವೂ ಅದರಲ್ಲಿ ಒಂದು ಸ್ವರವೆಂದೂ ಅವರ ವಾದ. ಮಹಾರಾಷ್ಟ್ರದಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಕೆಲಸ ಮಾಡಿದ ಅಭಯ ಅಷ್ಟೇಕರರು 1986ರಲ್ಲಿ ಐನ್‌ಸ್ಟೈನರ ಸಮೀಕರಣಗಳನ್ನು ಹೊಸ ಚರಾಕ್ಷರಗಳಲ್ಲಿ ಬರೆದರು. ಅದರಿಂದ ಬೆಳೆದ ಕುಣಿಕೆ ಕ್ವಾಂಟಮ್ ಗುರುತ್ವದವರು ಬಲಗಳನ್ನು ಒಂದು ಮಾಡುವ ಮಾತೆತ್ತುವುದಿಲ್ಲ, ತಾಳೆಯಷ್ಟೇ ಅವರ ಗುರಿ. ಇನ್ನು ನಮ್ಮ ಪುಣೆಯ ಐಯುಕಾದಲ್ಲಿ ದುಡಿದು 2021ರಲ್ಲಿ ತೀರಿಕೊಂಡ ಥಾಣು ಪದ್ಮನಾಭನ್ನರು ಪ್ರಶ್ನೆಯನ್ನೇ ತಿರುಗಿಸಿದರು. ಅನಿಲದ ಒತ್ತಡ, ಉಷ್ಣತೆಗಳು ಬಿಡಿ ಅಣುವಿಗೆ ಇಲ್ಲ, ಕೋಟಿ ಅಣುಗಳ ಗುಂಪಿಗೆ ಮಾತ್ರ ಇವೆ. ಗುರುತ್ವವೂ ಹಾಗೆಯೇ ಕೆಳಗಿನ ಯಾವುದೋ ಸೂಕ್ಷ್ಮ ಘಟಕಗಳ ಗುಂಪಿನ ನಡತೆಯಾಗಿರಬಹುದಲ್ಲವೇ ಎಂಬುದು ಅವರ ವಿಚಾರ. ಹಾಗಿದ್ದರೆ ಐನ್‌ಸ್ಟೈನರ ಸಮೀಕರಣವನ್ನು ನೇರವಾಗಿ ಕ್ವಾಂಟಮ್ ಮಾಡಹೊರಡುವುದು ಒತ್ತಡವನ್ನು ಹಿಡಿದು ಅಣುವನ್ನು ಹುಡುಕಿದಂತೆ. ಮೂರು ದಾರಿ, ಮೂರು ಗುರಿ. ಈ ಭಿನ್ನಾಭಿಪ್ರಾಯವನ್ನು ಮುಚ್ಚಿಟ್ಟು ಬರೆದ ಲೇಖನ ಸುಗಮವಾಗಿರಬಹುದು, ಸತ್ಯವಾಗಿರುವುದಿಲ್ಲ.

ನಾಲ್ಕನೆಯ ದೋಷ ಮರೆವಿನದು. ಈ ಕಥೆಯನ್ನು ಹೇಳುವಾಗ ನಮ್ಮವರು ಜಿನೀವಾಕ್ಕೆ ಹೋಗುತ್ತಾರೆ, ಅಮೆರಿಕೆಗೆ ಹೋಗುತ್ತಾರೆ, ಕೋಲಾರಕ್ಕೆ ಮಾತ್ರ ಹೋಗುವುದಿಲ್ಲ. ಏಕೀಕರಣದ ಸಿದ್ಧಾಂತಕ್ಕೆ ಕನ್ನಡ ನೆಲದ ಒಡಲಿನಲ್ಲಿಯೇ ಪರೀಕ್ಷೆ ನಡೆದಿತ್ತು. ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ನರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತರುಣ ಸಂಶೋಧಕರಾಗಿ 1950ರ ದಶಕದ ಮೊದಲಲ್ಲೇ ಕೋಲಾರ ಚಿನ್ನದ ಗಣಿಗೆ ಇಳಿದು, ವಿಶ್ವಕಿರಣದ ಕಣಗಳು ನೆಲದೊಳಗೆ ಎಷ್ಟು ಆಳದವರೆಗೆ ಬರುತ್ತವೆಂದು ಅಳೆದರು. ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು. 1965ರಲ್ಲಿ ಸುಮಾರು 2.3 ಕಿಲೋಮೀಟರು ಆಳದಲ್ಲಿ ಭಾರತ, ಜಪಾನ್, ಬ್ರಿಟನ್ನಿನ ತಂಡ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತನ್ನು ಕಂಡಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಅವು ಕಂಡವು.

ಆಮೇಲೆ ಬಂದದ್ದು ಪ್ರೋಟಾನಿನ ಸರದಿ. ಮಹಾ ಏಕೀಕರಣ ನಿಜವಾದರೆ ಪ್ರೋಟಾನು ಅಮರವಲ್ಲ. ಬಹಳ ಬಹಳ ಕಾಲಕ್ಕೆ ಒಡೆಯಬೇಕು. ಸರಳವಾದ ಸಿದ್ಧಾಂತದ ಪ್ರಕಾರ ಅದರ ಸರಾಸರಿ ಆಯುಸ್ಸು 1ರ ಮುಂದೆ 30ರ ಆಸುಪಾಸು ಸೊನ್ನೆ ಇಟ್ಟಷ್ಟು ವರ್ಷ. ಅಷ್ಟು ಕಾಲ ಕಾಯುವವರು ಯಾರು? ಉಪಾಯ ಇಷ್ಟೆ: ಒಂದು ಪ್ರೋಟಾನನ್ನು ಅಷ್ಟು ವರ್ಷ ಕಾಯುವ ಬದಲು ಅಷ್ಟು ಪ್ರೋಟಾನುಗಳನ್ನು ಒಂದು ವರ್ಷ ಕಾಯುವುದು. 1980ರಲ್ಲಿ ಕೋಲಾರದ ಗಣಿಯ ಅದೇ ಆಳದಲ್ಲಿ, ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಕಬ್ಬಿಣದ ತಗಡುಗಳ ನಡುವೆ ಎಣಿಕೆಯ ಕೊಳವೆಗಳನ್ನು ಪದರ ಪದರವಾಗಿ ಪೇರಿಸಿದ 140 ಟನ್ನಿನ ಯಂತ್ರ ಸ್ಥಾಪಿಸಿದರು. ಒಂದು ಟನ್ನು ದ್ರವ್ಯದಲ್ಲಿ ಪ್ರೋಟಾನು ನ್ಯೂಟ್ರಾನುಗಳೆಲ್ಲ ಸೇರಿ 6ರ ಮುಂದೆ 29 ಸೊನ್ನೆ ಇಟ್ಟಷ್ಟು. 140 ಟನ್ನಿಗೆ 8ರ ಮುಂದೆ 31 ಸೊನ್ನೆ. ಆಯುಸ್ಸು 1ರ ಮುಂದೆ 31 ಸೊನ್ನೆಯಷ್ಟು ವರ್ಷವಿದ್ದರೆ ವರ್ಷಕ್ಕೆ ಸುಮಾರು ಎಂಟು ಒಡೆಯಬೇಕು. ಆಳಕ್ಕೆ ಹೋದದ್ದೇಕೆಂದರೆ, ಮೇಲಿನ ಬಂಡೆ ವಿಶ್ವಕಿರಣಗಳನ್ನು ತಡೆದು ಗದ್ದಲ ಕಡಿಮೆ ಮಾಡುತ್ತದೆ. ಏಕೀಕರಣದ ಲೆಕ್ಕ ಇಷ್ಟು ಸರಳ. ಶಾಲೆಯ ಮಕ್ಕಳಿಗೂ ಮಾಡಿ ತೋರಿಸಬಹುದು. ನಮ್ಮ ಫೈಲಿನ ಒಂದು ಲೇಖನದಲ್ಲಿಯೂ ಅದು ಇರಲಿಲ್ಲ.

ಕೋಲಾರದ ತಂಡ 1980ರ ದಶಕದ ಆರಂಭದಲ್ಲಿ ಪ್ರೋಟಾನಿನ ಮರಣವಿರಬಹುದೆಂಬ ಕೆಲವು ಘಟನೆಗಳನ್ನು ವರದಿ ಮಾಡಿತು. ಜಗತ್ತು ಕಿವಿ ನಿಮಿರಿಸಿತು. ಆದರೆ ಅಮೆರಿಕ ಮತ್ತು ಜಪಾನುಗಳಲ್ಲಿ ಸಾವಿರಾರು ಟನ್ನು ನೀರು ತುಂಬಿದ ದೊಡ್ಡ ತೊಟ್ಟಿಗಳಲ್ಲಿ ಅದು ಕಾಣಲಿಲ್ಲ. ನ್ಯೂಟ್ರಿನೋಗಳೂ ಅಂಥದೇ ಗುರುತು ಬಿಡಬಲ್ಲವು. ಜಪಾನಿನ 50,000 ಟನ್ನು ನೀರಿನ ಸೂಪರ್ ಕಾಮಿಯೋಕಾಂಡೆ 1996ರಿಂದ ಕಾದು ಕುಳಿತಿದ್ದರೂ ಒಂದು ಖಚಿತವಾದ ಸಾವನ್ನೂ ಕಂಡಿಲ್ಲ. ಪ್ರೋಟಾನು ಒಡೆಯಬಹುದಾದ ಮುಖ್ಯವಾದೊಂದು ಬಗೆಗೆ ಆಯುಸ್ಸು 1ರ ಮುಂದೆ 34 ಸೊನ್ನೆಯಷ್ಟು ವರ್ಷಕ್ಕಿಂತ ಹೆಚ್ಚಿರಬೇಕೆಂದಾಯಿತು. ಆ ಸರಳವಾದ ಏಕೀಕರಣ ಅಲ್ಲಿಗೆ ಬಿದ್ದಿತು. ಕೋಲಾರದ ಪ್ರಯೋಗ 1990ರ ದಶಕದ ಮೊದಲಲ್ಲಿ ನಿಂತಿತು; ಗಣಿಯೇ 2001ರ ಫೆಬ್ರವರಿ 28ರಂದು ಮುಚ್ಚಿತು. ಅದು ವಿಜ್ಞಾನ ದಿನವೂ ಹೌದು.

ಇದನ್ನು ಸೋಲೆಂದು ಭಾವಿಸಿ ನಮ್ಮವರು ಬಿಟ್ಟರೋ ಏನೋ. ನಾವು ಹಾಗೆ ತಿಳಿಯುವುದಿಲ್ಲ. ಗುರುತ್ವಕ್ಕಿಂತ ಎಷ್ಟೋ ಸುಲಭವಾದ ಮೂರು ಬಲಗಳ ಏಕೀಕರಣವೇ ಇನ್ನೂ ಸಿದ್ಧವಾಗಿಲ್ಲವೆಂಬ ಎಚ್ಚರವನ್ನು ಕೊಟ್ಟದ್ದು ಇಂಥ ಪ್ರಯೋಗಗಳೇ. ಈ ಎಚ್ಚರವಿದ್ದವರು ‘ಇಂದೋ ನಾಳೆಯೋ ಎಲ್ಲ ಒಂದಾಗಲಿದೆ’ ಎಂದು ಬರೆಯಲಾರರು. ‘ಇದೆಲ್ಲ ನಮ್ಮ ಹಿರಿಯರು ಎಂದೋ ಹೇಳಿದ್ದೇ’ ಎಂದೂ ಬರೆಯಲಾರರು. ತತ್ತ್ವದ ಏಕತ್ವ ದೊಡ್ಡ ಮಾತು, ಅದಕ್ಕೆ ಅದರದೇ ಗೌರವವಿದೆ. ಆದರೆ ಗಣಿಯೊಳಗಿಳಿದು ಎಣಿಸಿ ತಪ್ಪೊಪ್ಪಿಕೊಳ್ಳಬೇಕಾದ ಏಕತ್ವ ಬೇರೆ.

ಉಪಮೆಯಿಲ್ಲದೆ ಸಾಮಾನ್ಯರಿಗೆ ಹೇಳುವುದು ಹೇಗೆ, ಇಷ್ಟು ಕಟ್ಟುನಿಟ್ಟು ಮಾಡಿದರೆ ಯಾರು ಓದುತ್ತಾರೆ ಎಂಬ ಆಕ್ಷೇಪ ಬರಬಹುದು. ಸುಲಭವಾಗಿಯೂ ಸತ್ಯವಾಗಿಯೂ ಬರೆಯಬಹುದೆಂಬುದಕ್ಕೆ ನಮ್ಮ ಕಣ್ಣಮುಂದೆಯೇ ನಿದರ್ಶನಗಳಿವೆ. ಐಯುಕಾದ ಸ್ಥಾಪಕ ನಿರ್ದೇಶಕರಾಗಿದ್ದು, 2025ರ ಮೇ 20ರಂದು ಇದೇ ಪುಣೆಯಲ್ಲಿ ನಿಧನರಾದ ಜಯಂತ ನಾರ್ಳೀಕರರು 1986ರಲ್ಲಿ ಪದ್ಮನಾಭನ್ನರ ಜೊತೆ ಗುರುತ್ವ ಮತ್ತು ಕ್ವಾಂಟಮ್ ವಿಶ್ವದ ಬಗ್ಗೆ ಪಂಡಿತರಿಗಾಗಿ ಇಂಗ್ಲಿಷಿನಲ್ಲಿ ಗ್ರಂಥ ಬರೆದವರು. ಅವರೇ 1974ರಲ್ಲಿ ಬೇರೆ ಹೆಸರಿಟ್ಟುಕೊಂಡು ‘ಕೃಷ್ಣವಿವರ’ ಎಂಬ ಮರಾಠಿ ಕಥೆಯನ್ನು ಸ್ಪರ್ಧೆಗೆ ಕಳಿಸಿ ಬಹುಮಾನ ಪಡೆದವರು. ಕನ್ನಡದಲ್ಲಿ ಜಿ.ಟಿ. ನಾರಾಯಣ ರಾಯರು ಬಳಸಿದ್ದೂ ಕೃಷ್ಣವಿವರವೆಂಬ ಶಬ್ದವನ್ನೇ. ಗಡಿಯ ಎರಡೂ ಕಡೆ ಒಂದೇ ಮಾತು! ಬೆಂಗಳೂರಿನ ಸಿ.ವಿ. ವಿಶ್ವೇಶ್ವರರು, ಕದಡಿದ ಕೃಷ್ಣವಿವರವು ಬಾರಿಸಿದ ಗಂಟೆಯ ನಾದದಂತೆ ಅಲೆ ಹೊರಡಿಸಿ ಶಾಂತವಾಗುತ್ತದೆಂದು 1970ರಲ್ಲಿಯೇ ಲೆಕ್ಕ ಹಾಕಿ ತೋರಿಸಿದರು. 2015ರಲ್ಲಿ ಸಿಕ್ಕ ಮೊದಲ ಗುರುತ್ವದ ಅಲೆಯ ಕೊನೆಯಲ್ಲಿ ಆ ನಾದ ಕಂಡುಬಂತು. ಗಂಟೆಯೂ ಉಪಮೆಯೇ. ಆದರೆ ಅದು ಲೆಕ್ಕದಿಂದ ಹುಟ್ಟಿದ ಉಪಮೆ. ನಾದ ಎಷ್ಟು ಬೇಗ ಅಡಗುತ್ತದೆಂಬುದೂ ಅದರಲ್ಲಿದೆ. ಮದುವೆಯ ಉಪಮೆಯಲ್ಲಿ ಅಂಥದೇನಿದೆ?

ಇಷ್ಟು ಹೇಳಿದ ಮೇಲೆ, ತಾಳೆ ಎಲ್ಲಿಗೆ ಬಂದಿದೆ ಎಂಬುದನ್ನೂ ಹೇಳಬೇಕು. ಎರಡೂ ಪುಸ್ತಕಗಳು ಮುಖಾಮುಖಿಯಾಗುವ ಅಳತೆ ಸೆಂಟಿಮೀಟರಿನ 1ರ ಮುಂದೆ 33 ಸೊನ್ನೆಯ ಭಾಗದಷ್ಟು ಚಿಕ್ಕದು. ಯಾವ ಯಂತ್ರವೂ ಅಲ್ಲಿಗೆ ತಲುಪದು. ಹಾಗೆಂದು ಕೈಕಟ್ಟಿ ಕುಳಿತಿಲ್ಲ. 2021ರಲ್ಲಿ ವಿಯೆನ್ನಾದ ತಂಡ ಸುಮಾರು 90 ಮಿಲಿಗ್ರಾಮಿನ ಚಿನ್ನದ ಗುಂಡಿನ ಗುರುತ್ವವನ್ನು ಅಳೆಯಿತು. ನಮ್ಮ ಅಕ್ಕಸಾಲಿಗರ ಗುಲಗಂಜಿಗಿಂತಲೂ ಕಡಿಮೆ ತೂಕ! ಇದಕ್ಕಿಂತ ಎಷ್ಟೋ ಪಟ್ಟು ಸೂಕ್ಷ್ಮವಾದ ಎರಡು ಕಣಗಳನ್ನು ‘ಇಲ್ಲಿಯೂ ಅಲ್ಲಿಯೂ’ ಎಂಬ ಸ್ಥಿತಿಯಲ್ಲಿಟ್ಟು, ಬರಿಯ ಗುರುತ್ವದಿಂದ ಅವುಗಳ ನಡುವೆ ಕ್ವಾಂಟಮ್ ನಂಟು ಬೆಳೆಯುವುದೇ ಎಂದು ನೋಡುವ ಯೋಜನೆ 2017ರಲ್ಲಿ ಪ್ರಕಟವಾಗಿದೆ. ಅದನ್ನು ಮಾಡಿ ತೋರಿಸುವುದು ಬಾಕಿಯಿದೆ. ವ್ಯತ್ಯಾಸ ಯಾವ ನಮೂದಿನಲ್ಲಿದೆ ಎಂಬುದು ಸಿಕ್ಕಿಲ್ಲ. ಹುಡುಕಬೇಕಾದ ಪುಟ ಹತ್ತಿರವಾಗುತ್ತಿದೆ, ಅಷ್ಟೆ.

ವಿಜ್ಞಾನ ದಿನದಂದು ಐಯುಕಾದ ಬಾಗಿಲು ಸಾರ್ವಜನಿಕರಿಗೆ ತೆರೆದಿರುತ್ತದೆ. ಮಗಳನ್ನು ಕರೆದುಕೊಂಡು ಧನಕವಡಿಯಿಂದ ಎರಡು ಬಸ್ಸು ಬದಲಿಸಿ ಹೋಗಿದ್ದೆವು. ಒಳ ಅಂಗಳದಲ್ಲಿ ಆರ್ಯಭಟ, ಗೆಲಿಲಿಯೊ, ನ್ಯೂಟನ್, ಐನ್‌ಸ್ಟೈನರ ಮೂರ್ತಿಗಳಿವೆ. ಅವಳು ನ್ಯೂಟನ್ನನನ್ನೂ ಐನ್‌ಸ್ಟೈನರನ್ನೂ ನೋಡಿ, “ಇವರಿಬ್ಬರದೂ ಕೂಡತೈತೇನು?” ಎಂದಳು. ಬಹಳ ತಿಂಗಳ ಮೇಲೆ ಬಂದ ಮೊದಲ ಪ್ರಶ್ನೆ. ಇವರಿಬ್ಬರದು ಕೂಡುತ್ತದೆ, ಬಾಗು ಕಡಿಮೆಯಿದ್ದಲ್ಲಿ, ವೇಗ ಕಡಿಮೆಯಿದ್ದಲ್ಲಿ ಐನ್‌ಸ್ಟೈನರ ಲೆಕ್ಕವೇ ನ್ಯೂಟನ್ನನ ಲೆಕ್ಕವಾಗುತ್ತದೆ, ಕೂಡದಿರುವುದು ಇನ್ನೊಂದು, ಅದರ ಮೂರ್ತಿ ಇಲ್ಲಿಲ್ಲ ಎಂದೆವು. ಈ ಸಲ ‘ಬಲ’ ಎನ್ನಬೇಕಾದಲ್ಲಿ ಬಲ, ‘ಶಕ್ತಿ’ ಎನ್ನಬೇಕಾದಲ್ಲಿ “ನಿಮ್ಮ ಊರ್ಜಾ” ಎಂದು ಎಚ್ಚರದಿಂದ ಹೇಳಿದೆವು.

ಮನೆಗೆ ಬಂದು ಅವಳು ವಹಿಯ ಕೊನೆಯ ಪುಟದಲ್ಲಿ ಗೆರೆ ಹೊಡೆದು ಕನ್ನಡ, ಮರಾಠಿ, ಇಂಗ್ಲಿಷ್ ಎಂದು ಮೂರು ಅಂಕಣ ಮಾಡಿದಳು. ಬಲ, ಬಲ. ಶಕ್ತಿ, ಊರ್ಜಾ. ಸಾಮರ್ಥ್ಯ, ಶಕ್ತೀ. ಕೃಷ್ಣವಿವರ, ಕೃಷ್ಣವಿವರ. ಆಮೇಲೆ ‘ತಾಳೆ’ ಎಂದು ಬರೆದು ಮರಾಠಿಯ ಅಂಕಣದಲ್ಲಿ ಪೆನ್ನು ನಿಲ್ಲಿಸಿ, ಸ್ವಲ್ಪ ಹೊತ್ತು ಯೋಚಿಸಿ, ‘ತಾಳಮೇಳ’ ಎಂದು ತುಂಬಿದಳು. ನಮ್ಮ ಮಾಸಿಕದ ಓದುಗರ ಮನೆಗಳಲ್ಲಿಯೂ ಇಂಥ ವಹಿಗಳಿದ್ದರೆ, ಅದರಿಂದ ನಾಲ್ಕು ಸಾಲು ಈ ಪುಟಗಳಿಗೆ ಕಳಿಸಿಕೊಡಬೇಕೆಂದು ವಿನಂತಿ. ಮಗಳ ಪಟ್ಟಿಯಲ್ಲಿ ಇನ್ನೂ ಬಹಳ ಮನೆಗಳು ಖಾಲಿ ಇವೆ.